ನಳದ ದಿನ

ಅಕ್ಕನಿಗೆ ಫಿಟ್ಸ್ ಬರುವ ಮುಂಚೆ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ದೂರದಲ್ಲಿ ಎಮ್ಮೆಯ ಕರು ಕೂಗಿದ ಹಾಗೆ, ಆದರೆ ಅಷ್ಟು ಉದ್ದವಲ್ಲ. ಒಂದೇ ಸಲ. ಅದಾದ ಮೇಲೆ ಮೈ ಸೆಟೆದುಕೊಂಡು ಕೈಕಾಲು ಬಡಿಯಲು ಶುರುವಾಗುತ್ತಿತ್ತು.

ಬಿಜಾಪುರದ ಡಾಕ್ಟರು ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು. "ಆ ಸದ್ದು ಕೇಳಿದ ಕೂಡ್ಲೇ ಓಡಬೇಕು. ಮೊದಲ ಕೂಸಿನ್ನ ಎತ್ತಿ ದೂರ ಇಡು. ಆಮ್ಯಾಲ ಆಕಿನ್ನ ಮಗ್ಗಲಿಗೆ ಹೊರಳಿಸು. ಬೋರಲ ಬಿಡಬ್ಯಾಡ. ಬಾಯಾಗ ಏನೂ ಹಾಕಬ್ಯಾಡ. ಐದು ನಿಮಿಷ ದಾಟಿದ್ರ ದವಾಖಾನಿಗೆ ತರ್ರಿ."

ಹೊರಳಿಸದಿದ್ದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಅವ್ವ ಕೇಳಿದಳು. ಡಾಕ್ಟರು "ಉಸುರು ಕಟ್ಟಬಹುದು, ಅದಕ್ಕ ಹೇಳೂದು" ಎಂದರು. ಬಸ್ಸಿನಲ್ಲಿ ನಮ್ಮೂರು ಮುದ್ದೇಬಿಹಾಳ ಮುಟ್ಟುವವರೆಗೆ ನಾನು ಅಕ್ಕನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಇದು 2008ರ ಬೇಸಿಗೆಯ ಮಾತು. ಅಕ್ಕ ಭಾಗ್ಯಜ್ಯೋತಿ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯ ದಿನ ಬಿಪಿ ಏರಿ ಮೊದಲ ಸಲ ಫಿಟ್ಸ್ ಬಂದಿತ್ತು. ಕೂಸು ಉಳಿಯಿತು, ಅಕ್ಕನೂ ಉಳಿದಳು. ಆದರೆ ಫಿಟ್ಸ್ ಅವಳ ಬೆನ್ನು ಹತ್ತಿ ಮನೆಗೂ ಬಂತು. ಹತ್ತು ದಿನಕ್ಕೊಮ್ಮೆ ಬರುತ್ತಿತ್ತು, ಕೆಲವು ಸಲ ಹದಿನೈದಕ್ಕೆ. ಯಾವ ಹೊತ್ತಿಗೆ ಎಂದು ಹೇಳಲಾಗುತ್ತಿರಲಿಲ್ಲ.

ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅವ್ವ ರೇಣವ್ವ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ತಿರುಗಿ ಬರುವುದು ನಾಲ್ಕಕ್ಕೆ. ಆ ಹೊತ್ತೆಲ್ಲ ಮನೆಯಲ್ಲಿ ಅಕ್ಕ, ಕೂಸು ಮತ್ತು ನಾನು. ಬಾಣಂತಿಯ ಕೋಣೆಗೆ ಕಿಟಕಿ ಇರಲಿಲ್ಲ. ಮೊಳ ದಪ್ಪದ ಕಲ್ಲಿನ ಗೋಡೆ, ಗಾಳಿ ತಾಗದಿರಲೆಂದು ಬಾಗಿಲಿಗೆ ಕೌದಿ. ಪಡಸಾಲೆ ದಾಟಿ ಆ ಕಡೆಗೆ ಅಡುಗೆಮನೆ. ಸೀಮೆಎಣ್ಣೆ ಸ್ಟೋ ಬುಸುಗುಟ್ಟುತ್ತಿದ್ದರೆ ಕೋಣೆಯೊಳಗೆ ಪಾತ್ರೆ ಬಿದ್ದರೂ ಕೇಳುತ್ತಿರಲಿಲ್ಲ. ಹಾಗಾಗಿ ನಾನು ರೊಟ್ಟಿ ಬಡಿಯುತ್ತ ನಡುನಡುವೆ ಎದ್ದು ಓಡುತ್ತಿದ್ದೆ. ಒಂದು ದಿನಕ್ಕೆ ಎಷ್ಟು ಸಲ ಎಂದು ಲೆಕ್ಕವಿಲ್ಲ.

ಅಕ್ಕನ ಗಂಡ ಚೇತನಕುಮಾರ ಮಾಮಾ ನಿಡಗುಂದಿ ಕಡೆ ಪಂಪ್‌ಹೌಸಿನಲ್ಲಿ ವೈರ್‌ಮನ್. ರವಿವಾರ ಮಾತ್ರ ಬರುತ್ತಿದ್ದರು. ನನ್ನ ಓಡಾಟ ನೋಡಿ, ಮುಂದಿನ ರವಿವಾರ ಒಂದು ಡಬ್ಬಿ ತಂದರು. ಪುಣೆಗೆ ಹೋದ ಗೆಳೆಯನಿಂದ ತರಿಸಿದ್ದು. ಅದರಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ, ಎರಡು ಸಣ್ಣ ಸ್ಪೀಕರು.

"ಇದು ಟಿವಿ ಧ್ವನಿ ವೈರ್ ಇಲ್ದ ಇನ್ನೊಂದ್ ಕೋಣಿಗೆ ಒಯ್ಯೂದೈತಿ" ಎಂದರು ಮಾಮಾ. "ನಾವು ಟಿವಿ ಬದ್ಲಿ ಜ್ಯೋತಿನ್ನ ಕೇಳೂಣು."

"ನನ್ನ ಗೊರಕಿ ಊರಿಗೆಲ್ಲಾ ಕೇಳಸ್ತೀರೇನು?" ಎಂದಳು ಅಕ್ಕ.

"ನಾ ಒಬ್ಬಾವ ಎಷ್ಟ ದಿನಾ ಕೇಳ್ಲಿ? ನಿನ್ನ ತಂಗೀನೂ ಒಂದೀಟ ಕೇಳ್ಲಿ."

ಅಕ್ಕ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಮಾಮಾ ಪೆಟ್ಟಿಗೆಯನ್ನು ಅಕ್ಕನ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಭಜನೆಯವರ ಸಣ್ಣ ಮೈಕನ್ನು ಅದಕ್ಕೆ ಜೋಡಿಸಿ, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಕೂಡಿಸಿದರು. ಒಂದು ಸ್ಪೀಕರು ಅಡುಗೆಮನೆಯ ಗೂಡಿನಲ್ಲಿ. ಇನ್ನೊಂದು ನಾನು ಎಲ್ಲಿ ಹೋದರೆ ಅಲ್ಲಿಗೆ. ಅಕ್ಕ ಕೋಣೆಯಲ್ಲಿ ಮಗ್ಗಲು ಬದಲಿಸಿದರೆ ಮಂಚ ಕಿರುಗುಟ್ಟುವುದು ನನಗೆ ಒಲೆಯ ಮುಂದೆ ಕೇಳುತ್ತಿತ್ತು.

ಮೊದಲ ದಿನವೇ ನನಗೊಂದು ಹೆದರಿಕೆ ಹತ್ತಿತು. ಸ್ಪೀಕರು ಸುಮ್ಮನಿದ್ದರೆ ಅಕ್ಕ ಮಲಗಿದ್ದಾಳೆ ಎಂದೋ, ಸ್ಪೀಕರೇ ನಿಂತಿದೆ ಎಂದೋ? ಎರಡೂ ಒಂದೇ ತರಹ ಕೇಳುತ್ತವೆ. ಮಾಮಾ ಹೊರಟ ಮೇಲೆ ಅಪ್ಪನ ಅಲಾರ್ಮ್ ಗಡಿಯಾರ ತಂದು ಮೈಕಿನ ಹತ್ತಿರ ಇಟ್ಟೆ. ಟಿಕ್ ಟಿಕ್ ಕೇಳುತ್ತಿದ್ದರೆ ದಾರಿ ತೆರೆದಿದೆ ಎಂದು ತಿಳಿಯಬೇಕು. ಟಿಕ್ ನಿಂತರೆ ಓಡಬೇಕು.

ಟಿಕ್ ನಿಲ್ಲತೊಡಗಿತು.

ಒಮ್ಮೆ ನಾಲ್ಕು ಸಲ ಬಡಿದು ನಿಲ್ಲುವುದು, ಒಮ್ಮೆ ಒಂದು ನಿಮಿಷ ಪೂರ್ತಿ ನಿಂತು ಮತ್ತೆ ಬರುವುದು. ನಾನು ಹಿಟ್ಟಿನ ಕೈಯಲ್ಲೇ ಪಡಸಾಲೆ ದಾಟಿ, ಕೌದಿ ಸರಿಸಿ ನೋಡುತ್ತಿದ್ದೆ. ಅಕ್ಕ ಕೂಸಿಗೆ ಹಾಲು ಕುಡಿಸುತ್ತ ಕೂತಿರುತ್ತಿದ್ದಳು.

"ಮತ್ತ್ಯಾಕ ಬಂದಿ?"

"ಸುಮ್ನ."

"ನಿನ್ನ ಮಾರಿ ನೋಡಿದ್ರ ನನಗ ಅಂಜಿಕಿ ಬರ್ತೈತಿ ಶೈಲಾ. ಸತ್ತಾಕಿನ್ನ ನೋಡಾಕ ಬಂದಾಂಗ ಬರ್ತಿ."

ಆ ಮಾತಿನ ಮೇಲೆ ನಾನು ಬಾಗಿಲ ಹೊರಗೆ ನಿಂತು, ಮುಖ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಮಾಮಾ ಬಂದಾಗ ಬ್ಯಾಟರಿ ಬದಲಿಸಿದರು, ಪೆಟ್ಟಿಗೆಯ ಹಿಂದಿನ ಚಾನೆಲ್ ಗುಂಡಿಯನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಸರಿಸಿದರು. ಒಂದು ದಿನ ಸರಿಯಾದಂತೆ ಇರುತ್ತಿತ್ತು, ಆಮೇಲೆ ಮತ್ತೆ ಅದೇ. ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟ ದಾವಲಮಲಿಕನಿಗೆ ಹೇಳಿ ಹೋದರು. ಅವನು ಬುಧವಾರ ಸಂಜೆ ಬಂದ. ಅವ್ವ ಮನೆಯಲ್ಲಿದ್ದಳು. ದಾವಲಮಲಿಕ ಕೋಣೆಯ ಹೊಸ್ತಿಲ ಹೊರಗೇ ಕೂತು, ನಾನು ತಂದುಕೊಟ್ಟ ಪೆಟ್ಟಿಗೆ ಬಿಚ್ಚಿ ನೋಡಿ, ಮುಚ್ಚಿ, ಮತ್ತೆ ಸ್ಟೂಲಿನ ಮೇಲೆ ಇರಿಸಿದ. ಸ್ಪೀಕರು ಹಿಡಿದು ಮನೆಯೆಲ್ಲ ತಿರುಗಿದ. ಟಿಕ್ ಎಲ್ಲಿಯೂ ನಿಲ್ಲಲಿಲ್ಲ.

"ನನ್ನ ಕಂಡ್ರ ಎಲ್ಲಾ ಮಷಿನ್ ಶಾಣ್ಯಾ ಆಗ್ತಾವ ನೋಡ್ರಿ ಅಕ್ಕಾರ" ಎಂದ. ಆಮೇಲೆ ಕೌದಿಯ ಸಂದಿನಿಂದ ಮಂಚದ ಕೆಳಗೆ ನೋಡಿದ. "ಅದೇನ್ರಿ, ಕುಡಗೋಲೇನು?"

"ಹೌದಪಾ. ಬಾಣಂತಿ ಮಂಚದ ಬುಡಕ ಕಬ್ಬಣ ಬೇಕಲ್ಲಾ, ಗಾಳಿಗೀಳಿ ಬಡೀಬಾರ್ದಂತ."

"ಅದ ನೋಡ್ರಿ ಮತ್ತ. ಕಬ್ಬಣ ಇದ್ರ ಸಿಗ್ನಲ್ ಕಡೀತಾವ. ತಗದ ಬಿಡ್ರಿ."

"ನಿನ್ನ ಸಿಗ್ನಲ್ ಹೋದ್ರ ಹೋಗ್ಲಿ, ಕುಡಗೋಲು ಅಲ್ಲೇ ಇರ್ತೈತಿ."

"ನಮ್ಮ ಮನ್ಯಾಗೂ ಇಡ್ತಾರ್ರಿ, ನಮ್ಮವ್ವ ಇಳಗಿ ಇಡ್ತಿದ್ಳು. ಆದ್ರ ನಮ್ಮನ್ಯಾಗ ಸ್ಪೀಕರ್ ಇರ್ಲಿಲ್ಲಲ್ಲ."

"ಹಂಗಾದ್ರ ಸ್ಪೀಕರಿಗೆ ಹೇಳು, ಹೊಂದಿಕೊಂಡು ಹೋಗು ಅಂತ."

ಅವನು ನಗುತ್ತ ಚಹಾ ಕುಡಿದು ಹೋದ. ಕುಡಗೋಲು ನಾಲ್ಕು ಬೆರಳಿನಷ್ಟು ಅಗಲವಿತ್ತು. ಟಿಕ್ ನಡೆದಾಗಲೂ ಅದು ಅಲ್ಲೇ ಇತ್ತು, ನಿಂತಾಗಲೂ ಅಲ್ಲೇ ಇತ್ತು. ಇದನ್ನು ಹೇಳಬೇಕೆನಿಸಿತು. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವಳು ಅಂಗಡಿಯವನಿಗೆ ಏನು ಹೇಳುವುದು ಎಂದು ಬಾಗಿಲ ಮರೆಯಲ್ಲಿ ಸುಮ್ಮನಿದ್ದೆ.

ಮರುದಿನ ಗುರುವಾರ ನಳ ಬರುವ ದಿನ. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. ನಾಲ್ಕೈದು ಮನೆಗೆ ಒಂದೇ ನಳ, ಬೀದಿಯ ಬದಿ ತಗ್ಗಿನಲ್ಲಿತ್ತು, ಕೆಳಗಿಳಿದು ಕೊಡ ಹಿಡಿಯಬೇಕು. ನಮ್ಮ ಎರಡು ನೀಲಿ ಬ್ಯಾರಲ್ಲು, ತಾಮ್ರದ ಹಂಡೆ, ಹದಿನಾಲ್ಕು ಕೊಡ ಮೊದಲು ಹಿತ್ತಲಲ್ಲಿರುತ್ತಿದ್ದವು. ಅಕ್ಕ ಬಂದ ಮೇಲೆ ಅವ್ವ ಎಲ್ಲವನ್ನೂ ಪಡಸಾಲೆಗೆ ತಂದು, ಬಾಣಂತಿ ಕೋಣೆಯ ಬಾಗಿಲಿಗೆ ಹತ್ತಿಯೇ ಸಾಲಾಗಿ ಇಟ್ಟಿದ್ದಳು. ಎರೆಯುವ ನೀರಿಗೆ, ಕೂಸಿನ ಬಟ್ಟೆಗೆ ನಾನು ಹಿತ್ತಲಿಗೆ ಹೋಗುವುದು ಬೇಡ, ಅಕ್ಕನಿಂದ ದೂರವಾಗುವುದು ಬೇಡ ಎಂದು.

ಅವತ್ತು ಹನ್ನೊಂದಕ್ಕೆ ನೀರು ಬಂತು. ಸ್ಪೀಕರನ್ನು ಮನೆ ಮುಂದಿನ ಕಟ್ಟೆಯ ಮೇಲಿಟ್ಟು ತಗ್ಗಿಗೆ ಇಳಿದೆ. ಒಂದು ಬ್ಯಾರಲ್ಲು ತುಂಬುವವರೆಗೆ ಟಿಕ್ ಚೆನ್ನಾಗಿ ಕೇಳುತ್ತಿತ್ತು. ಎರಡನೆಯದು ಅರ್ಧಕ್ಕೆ ಬಂದಾಗ ನಿಂತಿತು. ಕೊಡ ಬಿಟ್ಟು ಓಡಿದೆ. ಅಕ್ಕ ಮಲಗಿದ್ದಳು, ಎದೆ ಏರಿಳಿಯುತ್ತಿತ್ತು. ತಿರುಗಿ ಬಂದೆ. ಮತ್ತೆ ನಿಂತಿತು. ಮತ್ತೆ ಓಡಿದೆ. ಹೀಗೆ ಐದು ಸಲ.

ಪಕ್ಕದ ಮನೆಯ ಕಸ್ತೂರೆವ್ವ ತನ್ನ ಕೊಡ ಹಿಡಿದು ಮೇಲೆ ನಿಂತಿದ್ದಳು. "ಏನವಾ, ಬಾಣಂತಿಕಿನ್ನ ನೀನ ಸೊರಗಿ ಹೋಗೀದಿ. ತುಂಬ್ತಿದ್ರ ತುಂಬು, ಇಲ್ಲಂದ್ರ ಕೊಡಾ ತೆಗಿ. ನೀರು ನಿಮ್ಮಪ್ಪನ ಮನಿದೇನು, ನೀ ಬರೂ ಮಟಾ ಹರ್ಯಾಕ?"

ಹಿಂದೆ ನಿಂತ ಇಬ್ಬರು ನಕ್ಕರು. ನನಗೆ ಕಿವಿ ಬಿಸಿಯಾದವು. ಆರನೆಯ ಸಲ ಟಿಕ್ ನಿಂತಾಗ ನಾನು ಓಡಲಿಲ್ಲ. ಕೈಯಲ್ಲಿದ್ದ ಕೊಡ ತುಂಬಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಕೊಡ ಅರ್ಧಕ್ಕಿಂತ ಮೇಲೆ ಬಂದಿತ್ತು. ನೀರಿನ ಸಣ್ಣ ಧಾರೆಯನ್ನು ನೋಡುತ್ತ ಕೂತೆ.

ಕೊಡ ಹೊತ್ತು ಒಳಗೆ ಬಂದಾಗ ಕೌದಿಯ ಆಚೆಯಿಂದ ಮಂಚ ಗೋಡೆಗೆ ಬಡಿಯುವುದು ಕೇಳಿತು.

ಅಕ್ಕ ಬೋರಲು ಬಿದ್ದಿದ್ದಳು. ಮುಖ ತಲೆದಿಂಬಿನಲ್ಲಿ ಹೂತಿತ್ತು, ಬೆನ್ನು ಎಗರುತ್ತಿತ್ತು. ಕೂಸು ಅವಳ ಮೊಣಕೈ ಮತ್ತು ಗೋಡೆಯ ನಡುವೆ ಸಿಕ್ಕಿ ಅಳುತ್ತಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ, ಅದರ ದನಿ ಬತ್ತಿ ಹೋಗಿತ್ತು. ಕೂಸನ್ನು ಎಳೆದು ನೆಲದ ಮೇಲೆ ಚಾಪೆಗೆ ಹಾಕಿದೆ. ಅಕ್ಕನ ಭುಜ ಹಿಡಿದು ಹೊರಳಿಸಲು ಹೋದರೆ ಮೈ ಕಲ್ಲಿನಂತಿತ್ತು. ಮೊಣಕಾಲು ಮಂಚಕ್ಕೆ ಕೊಟ್ಟು ಜಗ್ಗಿದೆ. ಹೊರಳಿದಳು. ತುಟಿ ಜಂಬುನೇರಳೆ ತಿಂದವರ ತುಟಿಯ ಬಣ್ಣಕ್ಕೆ ಬಂದಿದ್ದವು. ಬಾಯಿಂದ ನೊರೆ, ಅದರಲ್ಲಿ ರಕ್ತ. ಆಮೇಲೆ ಹರಿದ ಬಟ್ಟೆ ಇನ್ನೂ ಹರಿದಂಥ ಸದ್ದು ಮಾಡಿ ಉಸಿರು ಒಳಗೆ ಹೋಯಿತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಸ್ತೂರೆವ್ವ ಒಳಗೆ ಬಂದವಳು ಹೊರಗೋಡಿ ಆಟೋ ತಂದಳು, ಯಾರನ್ನೋ ಅಂಗನವಾಡಿಗೆ ಓಡಿಸಿದಳು. ದವಾಖಾನೆಯಲ್ಲಿ ಎರಡು ದಿನ ಇಟ್ಟುಕೊಂಡು ಗುಳಿಗೆ ಹೆಚ್ಚು ಮಾಡಿ ಕಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅವ್ವ ನನಗೆ ಬೈಯಲಿಲ್ಲ. "ನೀ ಎಲ್ಲಿದ್ದಿ?" ಎಂದು ಒಮ್ಮೆ ಕೇಳಿದಳು.

"ನಳದ ಹಂತ್ಯಾಕ."

"ಕೇಳಲಿಲ್ಲೇನು?"

"ಕೇಳಲಿಲ್ಲ."

ಅದು ಸುಳ್ಳಲ್ಲ. ಟಿಕ್ ನಿಂತದ್ದು ಮಾತ್ರ ಕೇಳಿತ್ತು ಎಂದು ನಾನು ಹೇಳಲಿಲ್ಲ.

ಮನೆಗೆ ಬಂದ ದಿನದಿಂದ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಮುಂದಿನದು ಯಾವಾಗ ಬರುತ್ತದೋ, ಆಗ ಈ ಸ್ಪೀಕರು ನಡೆದಿರುತ್ತದೋ ಇಲ್ಲವೋ. ಅವ್ವ ಕೆಲಸ ಬಿಡುತ್ತೇನೆ ಎಂದಳು. ಬಿಟ್ಟರೆ ಉಣ್ಣುವುದೇನು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕೋಣೆಯಲ್ಲೇ ಸ್ಟೋ ಇಟ್ಟುಕೊಳ್ಳುತ್ತೇನೆ ಎಂದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹೊಗೆ ಕೂಸಿಗೆ ಆಗುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಅವ್ವ ನಳ ಬಂದ ದಿನಕ್ಕೆ ಸುತ್ತು ಹಾಕುತ್ತಿದ್ದಳು. ನಾನು ಅದರಲ್ಲೇ ಕುಂಕುಮದ ಚುಕ್ಕಿ ಇಡುತ್ತಿದ್ದೆ, ಟಿಕ್ ನಿಂತು ಓಡಿದ್ದಕ್ಕೆ ಒಂದೊಂದು. ಯಾರಿಗಾದರೂ ತೋರಿಸಬೇಕೆಂದಲ್ಲ. ಎಷ್ಟು ಸಲ ಓಡಿದೆ ಎಂದು ನನಗೇ ಇರಲಿ ಎಂದು. ದವಾಖಾನೆಯಿಂದ ಬಂದ ಮೂರನೆಯ ದಿನ ಕೂಸಿನ ಬಟ್ಟೆ ಒಣಹಾಕುತ್ತ ಅದನ್ನು ನೋಡಿದೆ. ಸುತ್ತು ಹಾಕಿದ ದಿನ ಜಾಗವಿಲ್ಲದಷ್ಟು ಚುಕ್ಕಿ. ಮರುದಿನವೂ ಅಷ್ಟೇ. ಮೂರನೆಯ, ನಾಲ್ಕನೆಯ ದಿನ ಕಡಿಮೆ. ಮುಂದಿನ ನಳದ ಹಿಂದಿನ ದಿನ ಒಂದೂ ಇಲ್ಲ. ದಾವಲಮಲಿಕ ಬಂದದ್ದು ಅಂಥ ದಿನವೇ.

ಮೊದಲು ನೀರೆಳೆಯುವ ಮೋಟಾರುಗಳದ್ದೇ ಕಾಟ ಎಂದುಕೊಂಡೆ. ಓಣಿಯಲ್ಲಿ ಮನೆಗೇ ನಳ ಇದ್ದವರೆಲ್ಲ ಮೋಟಾರು ಹಚ್ಚುತ್ತಿದ್ದರು. ಆದರೆ ಮೋಟಾರು ನಿಂತ ಮರುದಿನ ಯಾಕೆ? ಸ್ಪೀಕರನ್ನು ಕಂಕುಳಲ್ಲಿ ಹಿಡಿದು ಪಡಸಾಲೆಯಲ್ಲಿ ನಿಂತೆ. ಬ್ಯಾರಲ್ಲುಗಳಲ್ಲಿ ನೀರು ಮುಕ್ಕಾಲಿತ್ತು. ಟಿಕ್ ಇರಲಿಲ್ಲ. ಕೌದಿ ಸರಿಸಿ ನೋಡಿದೆ, ಅಕ್ಕ ಮಲಗಿದ್ದಳು, ಗಡಿಯಾರ ನಡೆದಿತ್ತು. ತಿರುಗಿ ಬ್ಯಾರಲ್ಲಿನ ಈ ಕಡೆ ಬಂದೆ, ಇಲ್ಲ. ಸುಮ್ಮನೆ ಸ್ಪೀಕರನ್ನು ಕೊಡ ಹೊತ್ತಂತೆ ತಲೆಯ ಮೇಲಿಟ್ಟೆ. ಟಿಕ್ ಟಿಕ್ ಟಿಕ್. ಬ್ಯಾರಲ್ಲಿನ ಬಾಯಿಗಿಂತ ಕೆಳಗೆ, ಸೊಂಟಕ್ಕೆ ಇಳಿಸಿದೆ. ನಿಂತಿತು. ಮತ್ತೆ ತಲೆಗೆ. ಬಂತು.

ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ ಅಡುಗೆಮನೆಗೆ ಒಯ್ದು ಬಂದೆ. ಹಂಡೆ ಅಲ್ಲೇ ಇತ್ತು, ಬರಿದಾಗಿ. ಅದನ್ನೂ ಬಾಗಿಲಿನಿಂದ ಆಚೆ ಸರಿಸಿದೆ. ಹಂಡೆ ಇದ್ದ ಕಡೆ ಟಿಕ್ ಸಣ್ಣಗೆ ಕೇಳತೊಡಗಿತು. ನಾನು ಅಲ್ಲೇ ಕೂತುಬಿಟ್ಟೆ. ನಾನು ಅಕ್ಕನಿಂದ ದೂರ ಹೋಗಬಾರದೆಂದು ತಂದಿಟ್ಟ ನೀರು ಅಕ್ಕನ ಸದ್ದನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಅವತ್ತು ಕೊಡ ತುಂಬಿ ತುಂಬಿ ನಾನೇ ಬಾಗಿಲಿಗೆ ಗೋಡೆ ಕಟ್ಟಿದ್ದೆ.

ನಾಲ್ಕಕ್ಕೆ ಅವ್ವ ಬಂದಾಗ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸುತ್ತ ನಂಬದವರ ಹಾಗೆ ನೋಡಿದಳು.

"ಹಿತ್ತಲದಾಗ ನೀರು ಇಟ್ರ ನೀ ಹಿತ್ತಲಕ್ಕ ಹೋಗಾಕಿ, ಆಕಿ ಒಳಗ ಒಬ್ಬಾಕಿ."

"ಸ್ಪೀಕರ್ ಒಯ್ತೇನಿ ಅವ್ವಾ."

"ಅದು ನಿಲ್ತೈತಿ ಅಂತ ನೀನ ಅಂತಿದ್ದಿ."

"ಇಲ್ಲೇ ನಿಂದ್ರು." ಅವ್ವನ ಕೈಗೆ ಸ್ಪೀಕರು ಕೊಟ್ಟು ಬ್ಯಾರಲ್ಲಿನ ಈಚೆ ನಿಲ್ಲಿಸಿದೆ. ಆಮೇಲೆ ಅವಳ ಕೈ ಹಿಡಿದು ಮೇಲೆತ್ತಿದೆ, ಇಳಿಸಿದೆ. ಮೂರು ಸಲ. ಮೂರನೆಯ ಸಲ ಅವ್ವ ತಾನೇ ಎತ್ತಿದಳು, ತಾನೇ ಇಳಿಸಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಒಂದು ಕೊಡ ತೆಗೆದುಕೊಂಡಳು. ಬ್ಯಾರಲ್ಲು ತುಂಬಿದಾಗ ಎತ್ತಲಾಗುವುದಿಲ್ಲ, ಚೆಲ್ಲಿದರೆ ಇನ್ನೂ ಮೂರು ದಿನ ನೀರಿಲ್ಲ. ಕೊಡ ಕೊಡವಾಗಿ ತೋಡಿ ಇಬ್ಬರೂ ಹಿತ್ತಲಿಗೆ ಹೊತ್ತೆವು. ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದರು.

ರವಿವಾರ ಮಾಮಾ ದಾವಲಮಲಿಕನನ್ನು ಕರೆದುಕೊಂಡು ಬಂದರು. ಅವ್ವ ನನ್ನನ್ನು ಮುಂದಕ್ಕೆ ದೂಡಿದಳು. ನಾನು ನೆಲ ನೋಡುತ್ತ ಕಾಟ ನೀರಿನದು ಎಂದು ಹೇಳಿದೆ.

"ನೀರು ಸಿಗ್ನಲ್ ಕುಡೀತೈತೇನವಾ?" ಎಂದು ನಕ್ಕ ದಾವಲಮಲಿಕ. ಆಮೇಲೆ ಒಂದು ತುಂಬಿದ ಕೊಡ ತರಿಸಿ, ಪೆಟ್ಟಿಗೆಯ ಮುಂದೆ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದ. ಕೊಡ ಇಟ್ಟಾಗಲೆಲ್ಲ ಟಿಕ್ ನಿಂತಿತು. "ಹತ್ತೊಂಬತ್ತು ವರ್ಷಾತು ನಾ ಈ ಧಂದೇದಾಗ" ಎಂದಷ್ಟೇ ಹೇಳಿ, ತಾನೇ ಏಣಿ ಹತ್ತಿ ಪೆಟ್ಟಿಗೆಯನ್ನು ಬಾಗಿಲಿನ ಎತ್ತರಕ್ಕೆ ಗೋಡೆಗೆ ಹೊಡೆದು ಕೊಟ್ಟ. ಚಹಾ ಬೇಡವೆಂದ.

ಆ ವಾರ ಟಿಕ್ ಒಮ್ಮೆಯೂ ನಿಲ್ಲಲಿಲ್ಲ, ಕ್ಯಾಲೆಂಡರಿನಲ್ಲಿ ಚುಕ್ಕಿ ಇಡಲಿಲ್ಲ. ಆದರೂ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಟಿಕ್ ಕೇಳಿದರೆ ಸಾಕೇ? ಆ ಸದ್ದು ಬಂದಾಗ, ಅದು ಒಂದೇ ಸಲ ಬರುವುದು, ಆ ಒಂದು ಸಲ ನನಗೆ ಮುಟ್ಟುತ್ತದೆಯೇ? ಅದನ್ನು ತಿಳಿಯಬೇಕಾದರೆ ಅಕ್ಕನಿಗೆ ಮತ್ತೆ ಫಿಟ್ಸ್ ಬರಬೇಕು. ಬರಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ಬರುವುದಾದರೆ ಅವ್ವ ಮನೆಯಲ್ಲಿದ್ದಾಗ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮತ್ತೊಂದು ನಳದ ದಿನ ಬಂತು. ಅವ್ವ ಅಂಗನವಾಡಿಯಲ್ಲಿದ್ದಳು. ತಗ್ಗಿನಲ್ಲಿ ಕೂತಿದ್ದೆ, ಕಟ್ಟೆಯ ಮೇಲೆ ಸ್ಪೀಕರು. ಕೊಡಗಳೆಲ್ಲ ಹಿತ್ತಲಿಗೆ ಸುತ್ತಿ ಹೋಗಬೇಕಾಗಿದ್ದರಿಂದ ಕೆಲಸ ನಿಧಾನವಾಗಿತ್ತು. ಕಸ್ತೂರೆವ್ವ ಮೇಲೆ ನಿಂತು ತನ್ನ ಸೊಸೆಯ ಸಾರಿನ ಬಗ್ಗೆ ಹೇಳುತ್ತಿದ್ದಳು. ಟಿಕ್ ಟಿಕ್ ನಡೆದಿತ್ತು. ಅದರ ಮೇಲೆ ಆ ಸದ್ದು ಬಂತು.

ಕಸ್ತೂರೆವ್ವನ ಮಾತು ನಿಂತಿತು. ಅವಳಿಗೂ ಕೇಳಿತ್ತು.

ನಾನು ಒಳಗೆ ಮುಟ್ಟಿದಾಗ ಅಕ್ಕ ಇನ್ನೂ ಸೆಟೆದುಕೊಳ್ಳುತ್ತಿದ್ದಳು, ಕೈಕಾಲು ಬಡಿಯಲು ಶುರುವಾಗಿರಲಿಲ್ಲ. ಕೂಸನ್ನು ಎತ್ತಿ ಕಸ್ತೂರೆವ್ವನ ಕೈಗೆ ಕೊಟ್ಟೆ. ಅಕ್ಕನನ್ನು ಮಗ್ಗಲಿಗೆ ಹೊರಳಿಸಿದೆ, ಮೈ ಗಟ್ಟಿಯಾಗುವ ಮುಂಚೆಯೇ ಹಗುರಾಗಿ ಹೊರಳಿದಳು. ಆಮೇಲೆ ಬಡಿತ ಶುರುವಾಯಿತು. ಅವಳ ತಲೆಯ ಕೆಳಗೆ ನನ್ನ ಕೈ ಇಟ್ಟು ಗಡಿಯಾರ ನೋಡಿದೆ. ಒಂದು ನಿಮಿಷ. ಎರಡು. ತುಟಿಯ ಬಣ್ಣ ನೋಡಿದೆ. ಕೆಂಪೇ ಇತ್ತು. ಎರಡೂವರೆಗೆ ಕೈಕಾಲು ನಿಂತವು.

ಅವಳು ಕಣ್ಣು ತೆರೆದು ನನ್ನನ್ನು ಗುರುತಿಲ್ಲದವಳಂತೆ ನೋಡಿದಳು. ಪ್ರತಿ ಸಲ ಹಾಗೆಯೇ ನೋಡುತ್ತಿದ್ದಳು, ಪ್ರತಿ ಸಲ ನನಗೆ ಇನ್ನು ಹೀಗೆಯೇ ಉಳಿದುಬಿಟ್ಟರೆ ಎನಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳ ಕಣ್ಣು ನನ್ನ ಮುಖದ ಮೇಲೆ ನಿಂತವು.

"ಶೈಲಾ" ಎಂದಳು. ನಾಲಿಗೆ ಇನ್ನೂ ದಪ್ಪವಾಗಿತ್ತು. "ಕೂಸೆಲ್ಲೈತಿ?"

"ಇಲ್ಲೇ ಐತಿ, ಕಸ್ತೂರೆವ್ವನ ಕಡೆ."

ಅಕ್ಕ ಮಲಗಿದಲ್ಲಿಂದಲೇ ಎರಡೂ ಕೈ ಚಾಚಿದಳು. ಕಸ್ತೂರೆವ್ವ ಕೂಸನ್ನು ಕೊಡಲು ಬಗ್ಗಿದಳು. ನಾನು ಬೇಡವೆಂದು ಅವಳ ರಟ್ಟೆ ಹಿಡಿದೆ. ಅಕ್ಕನ ಬೆರಳು ಇನ್ನೂ ನಡುಗುತ್ತಿದ್ದವು. ಅವು ಪೂರಾ ನಿಲ್ಲುವವರೆಗೆ ನೋಡುತ್ತ ಕೂತೆ, ಆಮೇಲೆ ಕೂಸನ್ನು ಅವಳ ಪಕ್ಕಕ್ಕೆ ಮಲಗಿಸಿದೆ.